ಒಂದು ಅಕಾರ, ನಾಲ್ಕು ದನಿ: ಸ್ವರಗಳನ್ನು ಅಳೆಯುವ ಬಗೆ

ಚಿಕ್ಕಲಸಂದ್ರ ಎಂಬ ಊರಹೆಸರಿನಲ್ಲಿ ಐದು ಸ್ವರಗಳಿವೆ. ಮೊದಲನೆಯದು ಇಕಾರ, ಮಿಕ್ಕ ನಾಲ್ಕೂ ಅಕಾರ. ಬೆಂಗಳೂರಿನ ದಕ್ಷಿಣಕ್ಕೆ, ಉತ್ತರಹಳ್ಳಿಯ ದಾರಿಯಲ್ಲಿರುವ ಈ ಬಡಾವಣೆಯ ಹೆಸರನ್ನು ಬೋರ್ಡಿನಲ್ಲಿ ಓದುವವರಿಗೆ ಆ ನಾಲ್ಕು ಅಕಾರಗಳ ನಡುವೆ ಭೇದ ತೋರುವುದಿಲ್ಲ, ಕೇಳುವವರಿಗೂ ತೋರುವುದಿಲ್ಲ. ಆದರೆ ಯಾರಾದರೂ ಆ ಹೆಸರನ್ನು ಹೇಳಿದ್ದನ್ನು ಧ್ವನಿಮುದ್ರಿಸಿ ಕಂಪ್ಯೂಟರಿನಲ್ಲಿ ಚಿತ್ರವಾಗಿ ಹರಡಿ ನೋಡಿದರೆ ನಾಲ್ಕೂ ಬೇರೆ ಬೇರೆ ಕಾಣುತ್ತವೆ. ಮೊದಲ ಅಕಾರ ಹೊರಡುವಾಗ ನಾಲಿಗೆಯ ಹಿಂಭಾಗ ಕಕಾರದ ಒತ್ತನ್ನು ಮುಗಿಸಿ ಅಂಗುಳಿನಿಂದ ಇಳಿಯುತ್ತಿರುತ್ತದೆ. ಎರಡನೆಯದು ಲಕಾರದ ಬೆನ್ನಿಗೇ ಬರುವುದರಿಂದ ನಾಲಿಗೆಯ ತುದಿ ಹಲ್ಲಿನ ಬುಡವನ್ನು ಆಗಷ್ಟೇ ಬಿಟ್ಟಿರುತ್ತದೆ. ಮೂರನೆಯದರ ಮುಂದೆ ಅನುಸ್ವಾರವಿದೆ. ಸ್ವರ ಮುಗಿಯುವ ಮೊದಲೇ ಉಸಿರು ಮೂಗಿನ ಕಡೆಗೂ ಹರಿಯತೊಡಗುತ್ತದೆ. ನಾಲ್ಕನೆಯದು ಪದದ ಕೊನೆಯಲ್ಲಿ, ದನಿ ಇಳಿಯುವ ಹೊತ್ತಿನದು.

ಕಿವಿ ಒಂದೆಂದು ಒಪ್ಪಿದ್ದನ್ನು ಯಂತ್ರ ನಾಲ್ಕೆಂದು ತೋರಿಸುತ್ತದೆ, ಮತ್ತು ಎರಡೂ ನಿಜ. ಬರಹದಲ್ಲಿ ಅಕಾರ ಒಂದು ಗುರುತು. ಮಾತಿನಲ್ಲಿ ಅದು ಒಂದು ಹರವು. ಆ ಹರವು ಎಲ್ಲಿಂದ ಎಲ್ಲಿಯವರೆಗೆ, ಪಕ್ಕದ ಸ್ವರದ ಹರವಿನಿಂದ ಅದು ಎಷ್ಟು ದೂರ, ಒಬ್ಬರ ಅಕಾರವನ್ನು ಇನ್ನೊಬ್ಬರ ಅಕಾರದ ಪಕ್ಕ ಇಡುವುದು ಹೇಗೆ ಎಂಬುದನ್ನು ಸಂಖ್ಯೆಗಳಲ್ಲಿ ಹೇಳುವ ವಿದ್ಯೆಗೆ ಧ್ವನಿ ವಿಶ್ಲೇಷಣೆ ಎಂದು ಹೆಸರು.

ಎರಡು ಅರ್ಥದ ಸ್ವರ

ಕನ್ನಡದಲ್ಲಿ ಸ್ವರ ಎಂಬ ಒಂದೇ ಮಾತು ಅಕ್ಷರಮಾಲೆಯ ಅ ಆ ಇ ಈಗಳಿಗೂ ಸಂಗೀತದ ಸ ರಿ ಗ ಮಗಳಿಗೂ ಸಲ್ಲುತ್ತದೆ. ಅಳತೆಗೆ ಇಳಿಯುವ ಮುನ್ನ ಇವೆರಡನ್ನು ಬಿಡಿಸಿಕೊಳ್ಳಬೇಕು. ತಂಬೂರಿಯ ಷಡ್ಜಕ್ಕೆ ದನಿ ಕೂಡಿಸಿ ಆಕಾರದಲ್ಲಿ ನಿಂತ ಗಾಯಕಿ, ಶ್ರುತಿ ಕದಲದಂತೆಯೇ ಈಕಾರಕ್ಕೂ ಅಲ್ಲಿಂದ ಊಕಾರಕ್ಕೂ ಸಾಗಬಲ್ಲಳು. ಸಂಗೀತದ ಸ್ವರ ಇದ್ದಲ್ಲೇ ಇದ್ದು ಅಕ್ಷರದ ಸ್ವರ ಮಾತ್ರ ಬದಲಾಯಿತು. ಆಕಾರವನ್ನೇ ಹಿಡಿದು ಸರಿಗಮ ಹಾಡಿದರೆ ಇದರ ತಿರುವುಮುರುವು. ಸಂಗೀತದ ಸ್ವರವನ್ನು ನಿರ್ಧರಿಸುವುದು ಗಂಟಲು, ಅಕ್ಷರದ ಸ್ವರವನ್ನು ನಿರ್ಧರಿಸುವುದು ಬಾಯಿ.

ಗಂಟಲಿನಲ್ಲಿರುವ ಧ್ವನಿತಂತುಗಳು ಉಸಿರಿನ ಒತ್ತಡಕ್ಕೆ ಬಡಿದುಕೊಳ್ಳುತ್ತವೆ. ಮಾತಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ 200ರ ಆಸುಪಾಸು, ಮಕ್ಕಳಲ್ಲಿ ಇನ್ನೂ ಹೆಚ್ಚು. ಸೆಕೆಂಡಿಗೆ ಇಷ್ಟು ಸಲ ಎಂಬ ಎಣಿಕೆಯೇ ಹರ್ಟ್ಜ್. 120 ಹರ್ಟ್ಜ್‌ನ ದನಿಯಲ್ಲಿ 120 ಒಂದೇ ಇರುವುದಿಲ್ಲ. ಅದರ ಜೊತೆಗೆ 240, 360, 480 ಹೀಗೆ ಇಮ್ಮಡಿ ಮುಮ್ಮಡಿಗಳ ಸಾಲೇ ಇರುತ್ತದೆ. ತಂಬೂರಿಯ ತಂತಿಯ ಅಡಿಗೆ ಎಳೆ ದಾರವನ್ನು ಸರಿಸಿದಾಗ ಒಂದೇ ತಂತಿಯಿಂದ ಹಲವು ಮೇಲುದನಿಗಳು ಅರಳುವುದು ಇಂಥ ಸಾಲಿನಿಂದಲೇ.

ಈ ಕೂಡುದನಿ ಗಂಟಲಿನಿಂದ ತುಟಿಯವರೆಗಿನ ಕೊಳವೆಯನ್ನು ಹಾದು ಹೊರಬರಬೇಕು. ಕೊಳವೆ ಎಲ್ಲ ಮೇಲುದನಿಗಳನ್ನೂ ಸಮನಾಗಿ ಬಿಡುವುದಿಲ್ಲ. ಕೆಲವನ್ನು ಎತ್ತಿಹಿಡಿದು ಕೆಲವನ್ನು ಅಡಗಿಸುತ್ತದೆ. ನಲ್ಲಿಯ ಕೆಳಗಿಟ್ಟ ಕೊಡದಲ್ಲಿ ಇದರ ಸರಳ ರೂಪವಿದೆ. ನೀರು ಮೇಲೇರಿದಂತೆ ಒಳಗಿನ ಗಾಳಿಯ ಕಂಬ ಗಿಡ್ಡವಾಗುತ್ತದೆ, ಸದ್ದು ಏರುತ್ತದೆ. ಒಳಮನೆಯಲ್ಲಿದ್ದವರು ಸದ್ದಿನಿಂದಲೇ ಕೊಡ ತುಂಬಿತೆಂದು ತಿಳಿದು ನಲ್ಲಿ ನಿಲ್ಲಿಸಲು ಬರುತ್ತಾರೆ. ಬಾಯಿಯ ಕೊಳವೆ ವಯಸ್ಕ ಗಂಡಸಿನಲ್ಲಿ ಸುಮಾರು 17.5 ಸೆಂಟಿಮೀಟರ್ ಉದ್ದ. ಅದು ಉದ್ದಕ್ಕೂ ಒಂದೇ ಅಗಲವಾಗಿದ್ದರೆ 500, 1500, 2500 ಹರ್ಟ್ಜ್‌ಗಳ ಬಳಿ ದನಿ ಗಟ್ಟಿಯಾಗುತ್ತದೆ. ನಾಲಿಗೆ, ದವಡೆ, ತುಟಿಗಳು ಕೊಳವೆಯನ್ನು ಒಂದೆಡೆ ಕಿರಿದಾಗಿಸಿ ಇನ್ನೊಂದೆಡೆ ಹಿರಿದಾಗಿಸಿದಾಗ ಈ ಗಟ್ಟಿ ಜಾಗಗಳು ಮೇಲೆ ಕೆಳಗೆ ಸರಿಯುತ್ತವೆ. ಅವನ್ನೇ ಫಾರ್ಮಂಟ್ ಎನ್ನುತ್ತಾರೆ.

ಪಿಸುಮಾತು ಇದಕ್ಕೆ ಸಾಕ್ಷಿ. ಪಿಸುಗುಟ್ಟುವಾಗ ಧ್ವನಿತಂತುಗಳು ಕಂಪಿಸುವುದಿಲ್ಲ, ಶ್ರುತಿಯೇ ಇಲ್ಲ. ಆದರೂ ಕಾಡು ಎಂದದ್ದು ಕಾಡು ಎಂದೇ, ಕೂಡು ಎಂದದ್ದು ಕೂಡು ಎಂದೇ ಕೇಳಿಸುತ್ತದೆ. ಗಂಟಲು ಸುಮ್ಮನಿದ್ದರೂ ಬಾಯಿಯ ಕೊಳವೆ ತನ್ನ ಕೆಲಸ ಮಾಡುತ್ತಿರುತ್ತದೆ.

13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಶಬ್ದ ಹುಟ್ಟುವ ಬಗೆಯನ್ನು ಹೇಳುವಾಗ ನಾಭಿಮೂಲದಿಂದ ಏಳುವ ಗಾಳಿಯನ್ನು ನೆನೆದು ಕಹಳೆಯ ಹೋಲಿಕೆ ಕೊಟ್ಟಿದ್ದಾನೆ. ಕಹಳೆಯಲ್ಲೂ ಕಂಪಿಸುವ ತುಟಿ ಒಂದು, ಆ ಕಂಪನವನ್ನು ತಿದ್ದುವ ಕೊಳವೆ ಇನ್ನೊಂದು. ವೈಯಾಕರಣನ ಉದ್ದೇಶ ಬೇರೆಯಿತ್ತು, ಅಳತೆಯ ಮಾತು ಅಲ್ಲಿಲ್ಲ. ಆದರೂ ಹೋಲಿಕೆ ಇಂದಿನ ವಿವರಣೆಗೆ ಹೊಂದಿಕೊಳ್ಳುತ್ತದೆ. ದನಿಯ ಮೂಲ ಬೇರೆ, ಅದನ್ನು ಸೋಸುವ ಕೊಳವೆ ಬೇರೆ ಎಂಬ ಈ ವಿವರಣೆಯನ್ನು ಗಣಿತದ ಮೇಲೆ ನಿಲ್ಲಿಸಿದವರು ಜಪಾನಿನ ತ್ಸುತೊಮು ಚಿಬಾ ಮತ್ತು ಮಸಾತೊ ಕಾಜಿಯಾಮಾ (1941), ಅವರ ಬಳಿಕ ಸ್ವೀಡನ್ನಿನ ಗುನ್ನಾರ್ ಫಾಂಟ್ (1960).

ಎರಡು ಸಂಖ್ಯೆ, ಒಂದು ನಕ್ಷೆ

ಫಾರ್ಮಂಟ್‌ಗಳು ಹಲವಿದ್ದರೂ ಸ್ವರವನ್ನು ಗುರುತಿಸಲು ಮೊದಲ ಎರಡೇ ಬಹುಮಟ್ಟಿಗೆ ಸಾಕು. ಬಾಯಿ ತೆರೆದು ನಾಲಿಗೆ ಕೆಳಗಿಳಿದಷ್ಟೂ ಮೊದಲನೆಯ ಫಾರ್ಮಂಟ್ ಏರುತ್ತದೆ. ನಾಲಿಗೆ ಮುಂದಕ್ಕೆ ಬಂದಷ್ಟೂ ಎರಡನೆಯದು ಏರುತ್ತದೆ. ಹಿಂದಕ್ಕೆ ಸರಿದರೆ, ತುಟಿ ದುಂಡಗಾದರೆ ಇಳಿಯುತ್ತದೆ. ಈಕಾರದಲ್ಲಿ ಬಾಯಿ ಮುಚ್ಚಿದಂತಿದ್ದು ನಾಲಿಗೆ ಮುಂದಿರುವುದರಿಂದ ಮೊದಲನೆಯದು ತಗ್ಗಿನಲ್ಲಿ, ಎರಡನೆಯದು ಎತ್ತರದಲ್ಲಿ ಇರುತ್ತದೆ. ಆಕಾರದಲ್ಲಿ ಮೊದಲನೆಯದು ಏರಿ ಎರಡನೆಯದರ ಹತ್ತಿರಕ್ಕೆ ಬರುತ್ತದೆ. ಊಕಾರದಲ್ಲಿ ಎರಡೂ ಕೆಳಗೆ.

1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಗಾರ್ಡನ್ ಪೀಟರ್ಸನ್ ಮತ್ತು ಹೆರಾಲ್ಡ್ ಬಾರ್ನಿ 33 ಗಂಡಸರು, 28 ಹೆಂಗಸರು, 15 ಮಕ್ಕಳು ಹೇಳಿದ ಇಂಗ್ಲಿಷ್ ಸ್ವರಗಳನ್ನು ಅಳೆದು ಪ್ರಕಟಿಸಿದ ಪಟ್ಟಿ ಇಂದಿಗೂ ಈ ವಿದ್ಯೆಯ ಮೊದಲ ಪಾಠ. ಅದರಲ್ಲಿ ಗಂಡಸರ ಸರಾಸರಿ ಹೀಗಿದೆ: ಈಕಾರದಂಥ ಸ್ವರಕ್ಕೆ 270 ಮತ್ತು 2290 ಹರ್ಟ್ಜ್, ಆಕಾರದಂಥದಕ್ಕೆ 730 ಮತ್ತು 1090, ಊಕಾರದಂಥದಕ್ಕೆ 300 ಮತ್ತು 870. ಕನ್ನಡದ ಸ್ವರಗಳ ಸಂಖ್ಯೆಗಳು ಇವೇ ಆಗಿರಬೇಕಿಲ್ಲ, ಆದರೆ ಒಂದರ ಪಕ್ಕ ಒಂದು ಕೂರುವ ಕ್ರಮ ಇದೇ.

ಈ ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಗುರುತಿಸುವಾಗ ಒಂದು ಜಾಣತನ ಮಾಡುತ್ತಾರೆ. ಮೊದಲ ಫಾರ್ಮಂಟನ್ನು ಮೇಲಿನಿಂದ ಕೆಳಕ್ಕೂ ಎರಡನೆಯದನ್ನು ಬಲದಿಂದ ಎಡಕ್ಕೂ ಎಣಿಸುತ್ತಾರೆ. ಆಗ ಈಕಾರ ಎಡಗಡೆಯ ಮೇಲ್ಮೂಲೆಗೆ, ಊಕಾರ ಬಲಗಡೆಯ ಮೇಲ್ಮೂಲೆಗೆ, ಆಕಾರ ಕೆಳಕ್ಕೆ ಬಂದು ಕೂರುತ್ತವೆ. ಎಡಕ್ಕೆ ಮುಖ ಮಾಡಿ ನಿಂತವರ ಬಾಯನ್ನು ಪಕ್ಕದಿಂದ ಸೀಳಿ ನೋಡಿದರೆ ನಾಲಿಗೆ ಎಲ್ಲೆಲ್ಲಿ ಇರುತ್ತದೆಯೋ ಹೆಚ್ಚುಕಡಿಮೆ ಅದೇ ಚಿತ್ರ. 1948ರಲ್ಲಿ ಭಾಷಾವಿಜ್ಞಾನಿ ಮಾರ್ಟಿನ್ ಜೂಸ್ ಈ ಹೊಂದಾಣಿಕೆಯನ್ನು ಎತ್ತಿ ತೋರಿಸಿದ.

ಚಿಕ್ಕಲಸಂದ್ರದ ಸುತ್ತಲಿನ ಹೆಸರುಗಳನ್ನೇ ಈ ನಕ್ಷೆಯ ಮೇಲೆ ಹರಡಬಹುದು. ಇಟ್ಟಮಡು ಎಂಬ ಒಂದೇ ಹೆಸರಿನಲ್ಲಿ ಇ, ಅ, ಉ ಎಂಬ ಮೂರು ಮೂಲೆಗಳೂ ಸಿಗುತ್ತವೆ. ಹೊಸಕೆರೆಹಳ್ಳಿಯಲ್ಲಿರುವ ಒಕಾರ ಮತ್ತು ಎಕಾರಗಳು ಮೂಲೆಗಳ ನಡುವಿನ ಜಾಗ ತುಂಬುತ್ತವೆ: ಎಕಾರ ಎಡಗಡೆ ಇಕಾರಕ್ಕೂ ಅಕಾರಕ್ಕೂ ಮಧ್ಯೆ, ಒಕಾರ ಬಲಗಡೆ ಉಕಾರಕ್ಕೂ ಅಕಾರಕ್ಕೂ ಮಧ್ಯೆ. ದೀರ್ಘಗಳು ಬೇಕಿದ್ದರೆ ಕೋಣನಕುಂಟೆಯಲ್ಲಿ ಓಕಾರ, ಕದಿರೇನಹಳ್ಳಿಯಲ್ಲಿ ಏಕಾರ, ಗೌಡನಪಾಳ್ಯದಲ್ಲಿ ಆಕಾರ ಇವೆ.

ಕನ್ನಡದ ಸ್ವರಗಳು ಚಿತ್ರದಲ್ಲಿ

ಮಾತಿನ ಚಿತ್ರಕ್ಕೆ ಸ್ಪೆಕ್ಟ್ರೋಗ್ರಾಂ ಎಂದು ಹೆಸರು. ಅಡ್ಡಕ್ಕೆ ಕಾಲ, ಉದ್ದಕ್ಕೆ ಆವರ್ತನ; ದನಿ ಗಟ್ಟಿಯಿದ್ದಲ್ಲಿ ಮಸಿ ಕಪ್ಪು. ಫಾರ್ಮಂಟ್‌ಗಳು ಅದರಲ್ಲಿ ಕಪ್ಪು ಪಟ್ಟಿಗಳಾಗಿ ಕಾಣುತ್ತವೆ. ಚಿಕ್ಕಲಸಂದ್ರದ ಇಕಾರದಲ್ಲಿ ಪಟ್ಟಿಗಳೆರಡೂ ದೂರ ದೂರ. ಆಮೇಲೆ ಒಂದು ಖಾಲಿ ಜಾಗ, ಅದು ಕಕಾರದ ಒತ್ತಿನಲ್ಲಿ ಬಾಯಿ ಮುಚ್ಚಿದ್ದ ಮೌನ. ಛಂದಸ್ಸಿನಲ್ಲಿ ಚಿ ಎಂಬ ಹ್ರಸ್ವಾಕ್ಷರ ಒತ್ತಕ್ಷರದ ಹಿಂದೆ ಬಂದದ್ದರಿಂದ ಗುರುವಾಗುತ್ತದೆ. ಚಿತ್ರದಲ್ಲಿ ಅದರ ಕಾರಣ ಕಣ್ಣಿಗೇ ಬೀಳುತ್ತದೆ: ಸ್ವರ ಗಿಡ್ಡವೇ, ಅದರ ಬೆನ್ನಿಗಿರುವ ಮೌನ ಉದ್ದ.

ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಕೂಗಿ ಕರೆಯುವ ಪ್ಲುತಕ್ಕೆ ಮೂರು ಎಂಬುದು ವ್ಯಾಕರಣದ ಲೆಕ್ಕ. ಯಂತ್ರದ ಲೆಕ್ಕ ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ. ಬೇಗ ಮಾತಾಡುವವರ ದೀರ್ಘ ನಿಧಾನಿಗಳ ಹ್ರಸ್ವದಷ್ಟೇ ಉದ್ದ ಇರಬಹುದು. ಹಾಗಾಗಿ ಮಿಲಿಸೆಕೆಂಡುಗಳನ್ನು ಬಿಡಿಯಾಗಿ ನೋಡದೆ, ಒಬ್ಬರದೇ ಹ್ರಸ್ವಕ್ಕೂ ದೀರ್ಘಕ್ಕೂ ಇರುವ ಅನುಪಾತವನ್ನು ನೋಡುತ್ತಾರೆ. ಮಾತ್ರೆಯ ಲೆಕ್ಕವೂ ಅನುಪಾತವೇ. ಉದ್ದದ ಜೊತೆಗೆ ಗುಣವೂ ಅಷ್ಟಿಷ್ಟು ಬದಲಾಗುತ್ತದೆ: ಕಾಡು ಎಂಬಲ್ಲಿ ಬಾಯಿ ಪೂರ್ತಿ ತೆರೆಯುತ್ತದೆ, ಕಡು ಎಂಬಲ್ಲಿ ಅಷ್ಟು ತೆರೆಯುವ ಮೊದಲೇ ಸ್ವರ ಮುಗಿದಿರುತ್ತದೆ. ಆದ್ದರಿಂದ ಅಕಾರ ನಕ್ಷೆಯಲ್ಲಿ ಆಕಾರಕ್ಕಿಂತ ಕೊಂಚ ಮೇಲೆ, ನಡುವಿನ ಕಡೆಗೆ ಕೂರುತ್ತದೆ.

ಐ ಮತ್ತು ಔ ಒಂದೇ ಅಕ್ಷರವಾಗಿ ಬರೆದರೂ ಚಿತ್ರದಲ್ಲಿ ಚಲನೆಗಳು. ಗೌಡನಪಾಳ್ಯದ ಔಕಾರ ಅಕಾರದ ಜಾಗದಿಂದ ಹೊರಟು ಉಕಾರದ ಕಡೆಗೆ ಸರಿಯುತ್ತದೆ. ಅದನ್ನು ಒಂದು ಚುಕ್ಕೆಯಿಂದ ತೋರಿಸಲಾಗದು, ಬಾಣ ಬೇಕು. ಋಕಾರ ವರ್ಣಮಾಲೆಯಲ್ಲಿ ಸ್ವರಗಳ ಸಾಲಿನಲ್ಲಿದೆ. ಕನ್ನಡಿಗರ ಬಾಯಲ್ಲಿ ಅದು ರು ಆದ್ದರಿಂದ ಚಿತ್ರದಲ್ಲಿ ಒಂದು ವ್ಯಂಜನ, ಅದರ ಬೆನ್ನಿಗೊಂದು ಸ್ವರ ಕಾಣುತ್ತವೆ. ಪದದ ಮೊದಲಿಗೆ ಬರುವ ಎಕಾರ, ಒಕಾರಗಳಲ್ಲೂ ಬರಹ ಹೇಳದ ಒಂದು ಸಂಗತಿಯಿದೆ. ಎಲೆ ಎಂಬುದನ್ನು ಯೆಲೆ ಎಂಬಂತೆ, ಒಂದು ಎಂಬುದನ್ನು ವೊಂದು ಎಂಬಂತೆ ಉಚ್ಚರಿಸುವವರು ಬಹಳ. ಎಷ್ಟೋ ಸಲ ಹೇಳಿದವರಿಗೇ ಅದರ ಅರಿವಿರುವುದಿಲ್ಲ; ಎರಡನೆಯ ಪಟ್ಟಿ ಆರಂಭದಲ್ಲಿ ಬಾಗಿರುವುದು ಮಾತ್ರ ಚಿತ್ರದಲ್ಲಿ ಸ್ಪಷ್ಟ. ಕಿವಿಯೊಂದನ್ನೇ ನಂಬಿ ಕನ್ನಡದ ಉಚ್ಚಾರಣೆಯನ್ನು ಸೂಕ್ಷ್ಮವಾಗಿ ದಾಖಲಿಸಿದ ಪುಸ್ತಕಗಳಿವೆ. 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರಬಂದ ವಿಲಿಯಂ ಬ್ರೈಟ್ ಅವರ ಆಡುಗನ್ನಡದ ವಿವರಣೆ, 1972ರಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಪ್ರಕಟಿಸಿದ ಯು.ಪಿ. ಉಪಾಧ್ಯಾಯರ ಕನ್ನಡ ಧ್ವನಿ ಪಾಠಮಾಲೆ ಇಂಥವು. ಯಂತ್ರದ ಅಳತೆ ಈ ಬಗೆಯ ಕೆಲಸವನ್ನು ಅಳಿಸುವುದಿಲ್ಲ, ಅದಕ್ಕೆ ಸಂಖ್ಯೆಗಳನ್ನು ಕೂಡಿಸುತ್ತದೆ.

ಅಳೆಯುವ ಕ್ರಮ

ಮೊದಲ ಕೆಲಸ ಪದಗಳ ಆಯ್ಕೆ. ಸುತ್ತಲಿನ ವ್ಯಂಜನ ಸ್ವರವನ್ನು ಎಳೆಯುವುದರಿಂದ, ಎಲ್ಲ ಸ್ವರಗಳನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಬೇಕು. ಈ ವಿಷಯದಲ್ಲಿ ಕನ್ನಡ ಉದಾರಿ. ಕಡು, ಕಾಡು, ಕೂಡು, ಕೆಡು, ಕೇಡು, ಕೊಡು, ಕೋಡು ಇವೆಲ್ಲ ಅರ್ಥವುಳ್ಳ ಪದಗಳು; ಕಕಾರಕ್ಕೂ ಡಕಾರಕ್ಕೂ ನಡುವಿನ ಸ್ವರ ಮಾತ್ರ ಬೇರೆ. ಇ, ಈಗಳಿಗೆ ಬಿಡು, ಬೀಡು ಎಂಬ ಜೋಡಿಯಿದೆ. ಪಟ್ಟಿಯಂತೆ ಓದಿಸಿದರೆ ಕೊನೆಯ ಪದದಲ್ಲಿ ದನಿ ಬೀಳುತ್ತದೆ. ಅದಕ್ಕೇ ಪ್ರತಿ ಪದವನ್ನೂ ಒಂದೇ ವಾಕ್ಯದ ನಡುವೆ ಇಟ್ಟು, ಕ್ರಮ ಬದಲಿಸಿ, ಹಲವು ಸಲ ಹೇಳಿಸುತ್ತಾರೆ. ಹೇಳುವವರ ಒಪ್ಪಿಗೆ ಪಡೆದು ವಯಸ್ಸು, ಬೆಳೆದ ಊರು, ಮನೆಮಾತುಗಳನ್ನು ಬರೆದಿಟ್ಟುಕೊಳ್ಳುತ್ತಾರೆ. ಒಂದೇ ಬೀದಿಯಲ್ಲಿ ಕನ್ನಡದ ಜೊತೆಗೆ ತೆಲುಗು, ತಮಿಳು, ಉರ್ದು, ತುಳು ಮನೆಮಾತಿನವರು ವಾಸಿಸುವ ದಕ್ಷಿಣ ಬೆಂಗಳೂರಿನಲ್ಲಿ ಈ ವಿವರವಿಲ್ಲದ ಅಳತೆ ಕುರುಡು.

ಎರಡನೆಯದು ಧ್ವನಿಮುದ್ರಣ. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಮೈಕನ್ನು ಬಾಯಿಂದ ಒಂದೇ ದೂರದಲ್ಲಿ ಇಡಬೇಕು. ಸೆಕೆಂಡಿಗೆ 44,100 ಸಲ ಮಾದರಿ ತೆಗೆಯುವ ಮುದ್ರಣದಲ್ಲಿ ಅದರ ಅರ್ಧದವರೆಗೆ, ಅಂದರೆ 22,050 ಹರ್ಟ್ಜ್‌ವರೆಗಿನ ದನಿ ಉಳಿಯುತ್ತದೆ. ಸ್ವರಗಳಿಗೆ ಇದು ಬೇಕಾದಷ್ಟಾಯಿತು. ಹಳೆಯ ಬಗೆಯ ದೂರವಾಣಿ ಕರೆಯ ಮುದ್ರಣ ಈ ಕೆಲಸಕ್ಕೆ ಒಗ್ಗದು. ಅದರಲ್ಲಿ ಸುಮಾರು 300ರಿಂದ 3400 ಹರ್ಟ್ಜ್ ನಡುವಿನದು ಮಾತ್ರ ದಾಟುತ್ತದೆ. ಈಕಾರ, ಊಕಾರಗಳ ಮೊದಲ ಫಾರ್ಮಂಟ್ ಸರಿಯಾಗಿ ಆ ಹೊಸ್ತಿಲ ಮೇಲೇ ಇದೆ.

ಮೂರನೆಯದು ಬಿಡಿಸುವಿಕೆ. ಇದಕ್ಕೆ ಲೋಕದಾದ್ಯಂತ ಬಳಕೆಯಲ್ಲಿರುವುದು ಪ್ರಾಟ್ ಎಂಬ ಉಚಿತ ತಂತ್ರಾಂಶ. ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ 1990ರ ದಶಕದಲ್ಲಿ ರೂಪಿಸಿದ ಇದರ ಹೆಸರಿಗೆ ಡಚ್ ಭಾಷೆಯಲ್ಲಿ ಮಾತಾಡು ಎಂದರ್ಥ. ಅಲೆಯನ್ನೂ ಚಿತ್ರವನ್ನೂ ಮೇಲೆ ಕೆಳಗೆ ಇಟ್ಟುಕೊಂಡು ಸ್ವರ ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂದು ಗೆರೆ ಎಳೆಯುತ್ತಾರೆ. ಎರಡು ಗೆರೆಗಳ ನಡುವಿನ ಅಂತರವೇ ಸ್ವರದ ಕಾಲ. ಅಕ್ಕಪಕ್ಕದ ವ್ಯಂಜನಗಳ ಎಳೆತ ಅಂಚಿನಲ್ಲಿ ಹೆಚ್ಚು, ನಡುವಿನಲ್ಲಿ ಕಡಿಮೆ. ಆದ್ದರಿಂದ ಫಾರ್ಮಂಟನ್ನು ಸ್ವರದ ನಡುಭಾಗದಲ್ಲಿ ಓದುತ್ತಾರೆ.

ಯಂತ್ರ ಫಾರ್ಮಂಟನ್ನು ಹುಡುಕುವ ಉಪಾಯಕ್ಕೂ ಬೆಂಗಳೂರಿಗೂ ಒಂದು ನಂಟಿದೆ. ದನಿಯ ಹಿಂದಿನ ಕೆಲವು ಮಾದರಿಗಳನ್ನು ನೋಡಿ ಮುಂದಿನದನ್ನು ಊಹಿಸುವ ಸೂತ್ರ ಕಟ್ಟಿದರೆ, ಆ ಸೂತ್ರದೊಳಗೆ ಬಾಯಿಯ ಕೊಳವೆಯ ಗುಣ ಅಡಗಿ ಕೂರುತ್ತದೆ. ರೇಖೀಯ ಮುನ್ನೂಹೆ ಎನ್ನಬಹುದಾದ ಈ ವಿಧಾನವನ್ನು ಜಪಾನಿನ ಇಟಾಕುರಾ ಮತ್ತು ಸೈಟೊ ಒಂದೆಡೆ, ಬೆಲ್ ಪ್ರಯೋಗಾಲಯದ ಬಿಷ್ಣು ಅಟಲ್ ಇನ್ನೊಂದೆಡೆ 1960ರ ದಶಕದಲ್ಲಿ ರೂಪಿಸಿದರು. ಅಟಲ್ ಅವರು ಸುಝಾನ್ ಹನಾವರ್ ಜೊತೆ 1971ರಲ್ಲಿ ಬರೆದ ಲೇಖನ ಪ್ರಸಿದ್ಧ. 1961ರಲ್ಲಿ ಬೆಲ್ ಸೇರುವ ಮೊದಲು ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಲ್ಲಿಯೇ ಧ್ವನಿಶಾಸ್ತ್ರ ಕಲಿಸುತ್ತಿದ್ದರು. ಮೊಬೈಲಿನಲ್ಲಿ ಮಾತನ್ನು ಕಡಿಮೆ ಜಾಗದಲ್ಲಿ ಅಡಕಿ ಸಾಗಿಸುವುದೂ ಇದೇ ವಿಧಾನದ ಫಲ.

ಸೂತ್ರಕ್ಕೆ ಎಷ್ಟು ಎತ್ತರದವರೆಗೆ ಹುಡುಕಬೇಕೆಂದು ಮೊದಲೇ ಹೇಳಬೇಕು. ಐದು ಫಾರ್ಮಂಟ್‌ಗಳನ್ನು ಹುಡುಕುವಾಗ ವಯಸ್ಕ ಗಂಡಸಿಗೆ 5000 ಹರ್ಟ್ಜ್, ಹೆಂಗಸಿಗೆ 5500 ಎಂಬುದು ಪ್ರಾಟ್‌ನ ಸಲಹೆ. ಚಿಕ್ಕ ಮಕ್ಕಳಿಗೆ ಇನ್ನೂ ಎತ್ತರ ಬೇಕು. ಇದನ್ನು ತಪ್ಪಿಟ್ಟರೆ ಯಂತ್ರ ಇಲ್ಲದ ಪಟ್ಟಿಯನ್ನು ಕಾಣುತ್ತದೆ, ಇಲ್ಲವೇ ಊಕಾರ, ಓಕಾರಗಳಲ್ಲಿ ಒತ್ತಾಗಿ ಕೂತ ಎರಡು ಪಟ್ಟಿಗಳನ್ನು ಒಂದೆಂದು ಎಣಿಸುತ್ತದೆ. ಮಗುವಿನ ಏರುದನಿಯಲ್ಲಿ ಮೇಲುದನಿಗಳು ವಿರಳವಾಗಿರುವುದರಿಂದ ಫಾರ್ಮಂಟ್‌ನ ಶಿಖರ ಎರಡು ಮೇಲುದನಿಗಳ ಸಂದಿನಲ್ಲಿ ಕಳೆದುಹೋಗಬಹುದು. ಮೂಗಿನ ದನಿ ಬೆರೆತರೆ ಹೊಸ ಪಟ್ಟಿಗಳು ಹುಟ್ಟಿ ಹಳೆಯವು ಮಸುಕಾಗುತ್ತವೆ. ಹೀಗಾಗಿ ಯಂತ್ರ ಕೊಟ್ಟ ಪ್ರತಿ ಸಂಖ್ಯೆಯನ್ನೂ ಚಿತ್ರದ ಮೇಲಿಟ್ಟು ಕಣ್ಣಿನಿಂದ ತಾಳೆ ನೋಡುವುದು ವಾಡಿಕೆ.

ಗಂಡಸು, ಹೆಂಗಸು, ಮಗು

ಸಂಖ್ಯೆಗಳು ಕೈಗೆ ಬಂದಮೇಲೆ ನಿಜವಾದ ತೊಡಕು ಎದುರಾಗುತ್ತದೆ. ಪೀಟರ್ಸನ್ ಮತ್ತು ಬಾರ್ನಿಯ ಪಟ್ಟಿಯಲ್ಲಿ ಗಂಡಸರ ಎಕಾರದಂಥ ಸ್ವರದ ಮೊದಲ ಫಾರ್ಮಂಟ್ 530 ಹರ್ಟ್ಜ್. ಮಕ್ಕಳ ಹ್ರಸ್ವ ಇಕಾರದಂಥ ಸ್ವರದ್ದೂ 530. ಒಂದೇ ಸಂಖ್ಯೆ, ಎರಡು ಸ್ವರ. ಮಗುವಿನ ಕೊಳವೆ ಗಿಡ್ಡ. ತುಂಬುತ್ತಿರುವ ಕೊಡದಂತೆ ಅದರ ಎಲ್ಲ ಫಾರ್ಮಂಟ್‌ಗಳೂ ಮೇಲಕ್ಕೇರಿರುತ್ತವೆ. ಬರಿಯ ಹರ್ಟ್ಜ್‌ಗಳನ್ನು ಎದುರುಬದುರು ಇಟ್ಟರೆ ಅಜ್ಜ ಮತ್ತು ಮೊಮ್ಮಗಳು ಬೇರೆ ಬೇರೆ ಭಾಷೆ ಆಡುತ್ತಿದ್ದಾರೆ ಎನ್ನಬೇಕಾದೀತು.

ಪರಿಹಾರ ಅನುಪಾತದಲ್ಲಿದೆ. ಅದೇ ಪಟ್ಟಿಯಲ್ಲಿ ಗಂಡಸರ ಈ, ಆ, ಊಗಳ ಮೊದಲ ಫಾರ್ಮಂಟ್ 270, 730, 300. ಮೂರರ ಸರಾಸರಿ ಸುಮಾರು 433. ಮಕ್ಕಳವು 370, 1030, 430, ಸರಾಸರಿ 610. ಆಕಾರವನ್ನು ಆಯಾ ಸರಾಸರಿಯಿಂದ ಭಾಗಿಸಿದರೆ ಗಂಡಸರಿಗೆ 1.68, ಮಕ್ಕಳಿಗೆ 1.69. ಮುನ್ನೂರು ಹರ್ಟ್ಜ್‌ನ ಅಂತರ ಬಹುತೇಕ ಮಾಯವಾಯಿತು. ಉಳಿದೆರಡು ಸ್ವರಗಳಲ್ಲೂ ಅಂತರ ಅತ್ಯಲ್ಪಕ್ಕೆ ಇಳಿಯುತ್ತದೆ. ರಷ್ಯಾದ ಲೊಬಾನೊವ್ 1971ರಲ್ಲಿ ಸೂಚಿಸಿದ ವಿಧಾನ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಪ್ರತಿ ಅಳತೆಯಿಂದ ಆ ವ್ಯಕ್ತಿಯ ಸರಾಸರಿಯನ್ನು ಕಳೆದು, ಅದೇ ವ್ಯಕ್ತಿಯ ಅಳತೆಗಳ ಚದುರುವಿಕೆಯಿಂದ ಭಾಗಿಸುತ್ತದೆ. ಆಡುನುಡಿಗಳ ಅಧ್ಯಯನದಲ್ಲಿ ಇಂದಿಗೂ ಹೆಚ್ಚು ಬಳಕೆಯಲ್ಲಿರುವ ವಿಧಾನಗಳಲ್ಲಿ ಇದೊಂದು. ಇದಕ್ಕೆ ಒಂದು ಷರತ್ತಿದೆ. ಹೋಲಿಸುವ ಎಲ್ಲರಿಂದಲೂ ಎಲ್ಲ ಸ್ವರಗಳನ್ನೂ ಹೇಳಿಸಿರಬೇಕು. ಒಬ್ಬರ ಅಕಾರಗಳನ್ನಷ್ಟೇ ಹಿಡಿದು ಸರಾಸರಿ ಕಟ್ಟಲಾಗದು.

ಕಿವಿಯೂ ಇಂಥದೇ ಲೆಕ್ಕವನ್ನು ಗೊತ್ತಿಲ್ಲದೆ ಮಾಡುತ್ತದೆ. 1957ರಲ್ಲಿ ಪೀಟರ್ ಲಾಡೆಫೋಗೆಡ್ ಮತ್ತು ಡೊನಾಲ್ಡ್ ಬ್ರಾಡ್‌ಬೆಂಟ್ ಯಂತ್ರದಿಂದ ಹುಟ್ಟಿಸಿದ ಒಂದೇ ಪದವನ್ನು ಬೇರೆ ಬೇರೆ ಫಾರ್ಮಂಟ್‌ಗಳುಳ್ಳ ವಾಕ್ಯಗಳ ಬೆನ್ನಿಗೆ ಕೇಳಿಸಿದರು. ಹಿಂದಿನ ವಾಕ್ಯದ ಫಾರ್ಮಂಟ್‌ಗಳನ್ನು ಮೇಲೆ ಕೆಳಗೆ ಮಾಡಿದಂತೆ, ಕೇಳುಗರಿಗೆ ಅದೇ ಪದದ ಸ್ವರ ಒಮ್ಮೆ ಇಕಾರವಾಗಿಯೂ ಒಮ್ಮೆ ಎಕಾರವಾಗಿಯೂ ಕೇಳಿಸಿತು. ಮಾತಾಡುವವರ ಬಾಯಿಯ ಅಳತೆಯನ್ನು ಕಿವಿ ಮೊದಲ ಕೆಲವು ಪದಗಳಲ್ಲೇ ತೆಗೆದುಕೊಂಡು, ಮುಂದಿನ ಸ್ವರಗಳನ್ನು ಆ ಅಳತೆಗೆ ಹಿಡಿದು ಗುರುತಿಸುತ್ತದೆ.

ಊರೂರಿನ ಸ್ವರ

ಬಾಯಿಯ ಗಾತ್ರದಿಂದಾದ ಅಂತರವನ್ನು ಕಳೆದಮೇಲೆ ಉಳಿಯುವುದು ನುಡಿಯ ಅಂತರ. ಮೈಸೂರು ಕಡೆಯ ಮನೆ ಧಾರವಾಡದ ಕಡೆ ಮನಿ. ಬರಹದಲ್ಲಿ ಇದು ಎಕಾರ ಹೋಗಿ ಇಕಾರ ಬಂದಂತೆ ಕಾಣುತ್ತದೆ. ಧಾರವಾಡದವರ ಕೊನೆಯ ಇಕಾರ ಅವರದೇ ಪದಾದಿಯ ಇಕಾರದ ಜಾಗದಲ್ಲೇ ಕೂರುತ್ತದೆಯೋ, ಎಕಾರದ ಕಡೆಗೆ ವಾಲಿರುತ್ತದೆಯೋ ಎಂಬುದನ್ನು ಹೇಳಲು ನಕ್ಷೆ ಬೇಕು.

ಬೇಡ ಎಂಬುದು ಹಲವು ಕಡೆ ಬ್ಯಾಡ ಆಗುತ್ತದೆ. ಮುಂದಿನ ಅಕ್ಷರದಲ್ಲಿ ಅಕಾರವಿದ್ದಾಗ ಏಕಾರ ಬಾಯಿ ತೆರೆದು ಆಕಾರದ ಕಡೆಗೆ ಇಳಿಯುವುದು ಆಡುಗನ್ನಡದಲ್ಲಿ ಕಂಡುಬರುವ ಗುಣ. ಏಕಾರಕ್ಕೂ ಆಕಾರಕ್ಕೂ ನಡುವಿನ ಈ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಯಕಾರದ ಒತ್ತು ಮತ್ತು ಆಕಾರ ಸೇರಿಸಿ ಬರೆದು ಕೆಲಸ ಸಾಗಿಸುತ್ತಾರೆ. ಬ್ಯಾಂಕು, ಕ್ಯಾಬು ಎಂಬ ಎರವಲು ಪದಗಳನ್ನು ಬರೆಯುವುದೂ ಹಾಗೆಯೇ. ಹೇಳುವವರ ಬಾಯಲ್ಲಿ ನಿಜವಾಗಿ ಯಕಾರವಿದೆಯೇ ಎಂಬ ಪ್ರಶ್ನೆಗೆ ಚಿತ್ರ ಉತ್ತರಿಸುತ್ತದೆ: ಎರಡನೆಯ ಪಟ್ಟಿ ಎತ್ತರದಿಂದ ಜಾರಿ ಬಂದಿದ್ದರೆ ಯಕಾರವಿದೆ, ಮೊದಲಿನಿಂದಲೂ ಮಟ್ಟಸವಾಗಿದ್ದರೆ ಅದು ನಡುವಿನ ಒಂಟಿ ಸ್ವರ.

ಚಿಕ್ಕಲಸಂದ್ರದ ನಾಲ್ಕು ಅಕಾರಗಳ ಲೆಕ್ಕವೂ ಇಲ್ಲಿಗೆ ಬರುತ್ತದೆ. 1963ರಲ್ಲಿ ಸ್ವೀಡನ್ನಿನ ಬ್ಯೋರ್ನ್ ಲಿಂಡ್‌ಬ್ಲೋಮ್ ತೋರಿಸಿದಂತೆ, ಸ್ವರಕ್ಕೆ ಸಿಗುವ ಕಾಲ ಕಡಿಮೆಯಾದಷ್ಟೂ ನಾಲಿಗೆ ತನ್ನ ಗುರಿ ಮುಟ್ಟುವ ಮೊದಲೇ ಮುಂದಿನ ವ್ಯಂಜನಕ್ಕೆ ಹೊರಡಬೇಕಾಗುತ್ತದೆ. ಹೆಸರನ್ನು ಬಿಡಿಸಿ ಹೇಳಿದಾಗ ನಾಲ್ಕೂ ಅಕಾರಗಳು ನಕ್ಷೆಯಲ್ಲಿ ಒಂದರ ಬಳಿ ಒಂದು ಕೂರುತ್ತವೆ. ಬೇಗ ಹೇಳಿದಾಗ ತಮ್ಮ ತಮ್ಮ ನೆರೆಯ ವ್ಯಂಜನದ ಕಡೆಗೆ ಚದುರುತ್ತವೆ. ಇನ್ನೂ ಅವಸರದಲ್ಲಿ ನಡುವಿನ ಒಂದು ಅಕಾರ ಪೂರ್ತಿ ಬಿದ್ದುಹೋಗಿ, ಮಾಡಿದ ಎಂಬುದು ಮಾಡ್ದ ಆಗುವಂತೆ, ಹೆಸರೇ ಒಂದು ಅಕ್ಷರ ಗಿಡ್ಡವಾಗುತ್ತದೆ. ಬೆಂಗಳೂರಿನ ಸುತ್ತಲಿನ ಬೊಮ್ಮಸಂದ್ರ, ಸಿಂಗಸಂದ್ರಗಳಲ್ಲಿರುವ ಸಂದ್ರ ಎಂಬುದೂ, ಕೆರೆಗೆ ಹೇಳುತ್ತಿದ್ದ ಸಮುದ್ರ ಎಂಬ ಮಾತು ಹೀಗೆಯೇ ಒಂದು ಉಕಾರವನ್ನು ಕಳೆದುಕೊಂಡು ಸವೆದು ಉಳಿದ ರೂಪ. ಬಾಯಿಂದ ಬಾಯಿಗೆ ದಾಟುವಾಗ ಆದ ಸವೆತ ಅಲ್ಲಿ ಬರಹಕ್ಕೂ ಬಂದು ನೆಲೆಯಾಗಿದೆ.

ಅಳತೆಯ ಬಳಕೆ

ಮಾತನ್ನು ಅಕ್ಷರವಾಗಿಸುವ ಮೊಬೈಲ್ ತಂತ್ರಾಂಶಗಳಿಗೆ ಇಷ್ಟೂ ವೈವಿಧ್ಯ ಗೊತ್ತಿರಬೇಕು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಗೂಗಲ್ ಸೇರಿ 2022ರಲ್ಲಿ ಪ್ರಕಟಿಸಿದ ವಾಣಿ ಯೋಜನೆ ದೇಶದ 773 ಜಿಲ್ಲೆಗಳ ಮಾತನ್ನು ಸಂಗ್ರಹಿಸುವ ಗುರಿ ಇಟ್ಟುಕೊಂಡದ್ದು ಈ ಕಾರಣಕ್ಕೆ. ಒಂದೇ ಊರಿನ, ಒಂದೇ ವರ್ಗದವರ ದನಿಯಿಂದ ಕಲಿತ ಯಂತ್ರ ಬೇರೆಯವರ ಬ್ಯಾಡವನ್ನೂ ಮನಿಯನ್ನೂ ತಪ್ಪಾಗಿ ಕೇಳಿಸಿಕೊಳ್ಳುತ್ತದೆ.

ಅಳತೆ ನೇರವಾಗಿ ಮನುಷ್ಯರಿಗೆ ನೆರವಾಗುವುದು ವಾಕ್ ಚಿಕಿತ್ಸೆಯಲ್ಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದ ನಡುವೆ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡ ನಾಡಿನಲ್ಲಿ ಈ ವಿದ್ಯೆಯ ದೊಡ್ಡ ಕೇಂದ್ರ. ಜಯನಗರಕ್ಕೆ ಹತ್ತಿರದ ನಿಮ್ಹಾನ್ಸ್‌ನಲ್ಲೂ ವಾಕ್ ಮತ್ತು ಶ್ರವಣ ವಿಭಾಗವಿದೆ. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ತನ್ನ ಸ್ವರಗಳನ್ನು ಬೇರೆಯವರ ಸ್ವರಗಳೊಡನೆ ತಾಳೆ ನೋಡುವ ದಾರಿಯಿಲ್ಲ. ಅದರ ಈಕಾರ, ಆಕಾರ, ಊಕಾರಗಳು ನಕ್ಷೆಯ ಮೂಲೆಗಳನ್ನು ಬಿಟ್ಟು ನಡುವಿಗೆ ಸರಿದಿರುತ್ತವೆ. ಪಾರ್ಕಿನ್ಸನ್‌ನಂಥ ನರರೋಗಗಳಲ್ಲಿ ನಾಲಿಗೆಯ ಓಡಾಟ ಕುಗ್ಗಿದಾಗಲೂ ಮೂರು ಮೂಲೆಗಳ ತ್ರಿಕೋನ ಕಿರಿದಾಗುವುದುಂಟು. ತ್ರಿಕೋನದ ವಿಸ್ತೀರ್ಣ ಶಾಲೆಯ ಸೂತ್ರದಿಂದಲೇ ಸಿಗುತ್ತದೆ: ಮೇಲೆ ಹೇಳಿದ ಗಂಡಸರ ಸರಾಸರಿಗಳಿಗೆ ಅದು ಸುಮಾರು 3,08,600 ಚದರ ಹರ್ಟ್ಜ್.

ಚಿಕಿತ್ಸೆಯ ಮೊದಲು ಒಮ್ಮೆ, ಕೆಲವು ತಿಂಗಳ ಬಳಿಕ ಇನ್ನೊಮ್ಮೆ ಈ ತ್ರಿಕೋನವನ್ನು ಎಳೆದು ಒಂದರ ಮೇಲೊಂದು ಇಡುತ್ತಾರೆ. ಕೊಳವೆಯ ಉದ್ದ ಬದಲಾಗದ ವಯಸ್ಕರಲ್ಲಿ ಇಂಥ ಹೋಲಿಕೆಗೆ ಸರಾಸರಿಯಿಂದ ಭಾಗಿಸುವ ಲೆಕ್ಕಾಚಾರವೂ ಬೇಡ. ಪದಗಳು ಅವೇ, ಮೈಕು ಅದೇ, ಯಂತ್ರಕ್ಕೆ ಕೊಟ್ಟ ಮಿತಿಯೂ ಅದೇ ಆಗಿರಬೇಕು, ಅಷ್ಟೆ. ಆಗ ನಕ್ಷೆಯಲ್ಲಿ ಕಾಣುವ ಬದಲಾವಣೆಯನ್ನು ನಾಲಿಗೆಯ ಬದಲಾವಣೆಯೆಂದೇ ಓದಬಹುದು.